ಗೆರೆಯ ಬೀರು

ಕುತಾಯಿಸಿಯಲ್ಲಿ ಮೂರನೇ ಮಹಡಿ, ಬರಿಗೋಣೆ.
ಎತೆರಿ ಮಂಡಿಯೂರಿ ಸೀಮೆಸುಣ್ಣದಲ್ಲಿ ಬರೆದಳು:
ಇದು ಮಂಚ, ಇದು ಮೇಜು,
ಕಿಟಕಿಯ ಪಕ್ಕ ಗಾಜಿನ ಬೀರು.
ಅಳತೆಪಟ್ಟಿ ಇರಲಿಲ್ಲ.
ಅವಳ ಗೇಣಿಗೂ ನನ್ನ ಹೆಜ್ಜೆಗೂ
ಬೆಳಗಿನಿಂದ ಜಗಳ.

‘ಗೋಚಾ! ಬೀರುವಿನೊಳಗೇ ಕಾಲಿಟ್ಟೆಯಲ್ಲ,
ಲೋಟಗಳಿವೆ ಅಲ್ಲಿ!’
ನಕ್ಕೆ. ಆಮೇಲೆ, ಯಾಕೋ,
ಮೆಲ್ಲಗೆ ಕಾಲು ತೆಗೆದೆ.

ಹಾಸಿಗೆ ನೆಲದ ಮೇಲೇ, ಮಂಚದ ಗೆರೆಯೊಳಗೆ.
ನಿದ್ದೆಯಲ್ಲಿ ಉರುಳಿ ಆಚೆ ಹೋದರೆ
‘ಬಿದ್ದೆ ನೋಡು’ ಅನ್ನುತ್ತಾಳೆ.
ಬಾಗಿಲು ತೆರೆದರೆ ಮೇಜಿಗೆ ಬಡಿಯುತ್ತದೆಂದು
ಒದ್ದೆ ಬಟ್ಟೆಯಲ್ಲಿ ಮೇಜನ್ನು ಒರೆಸಿ
ಒಂದು ಗೇಣು ಸರಿಸಿದೆವು.
ಇಷ್ಟು ಹಗುರದ ಮೇಜು
ಯಾವ ಅಂಗಡಿಯಲ್ಲಿ ಸಿಕ್ಕೀತು?

ಎರಡು ಸಂಬಳ ಬಂದು ಹೋದವು.
ಅಂಗಡಿಯವನು ಬೆಲೆ ಬರೆದುಕೊಟ್ಟ ಚೀಟಿ
ನನ್ನ ಜೇಬಿನಲ್ಲೇ ಮೆತ್ತಗಾಯಿತು.

ಮೊನ್ನೆ ಕೆಳಮನೆಯ ವಾಝಾ ಉಪ್ಪು ಕೇಳಲು ಬಂದ.
ನಾವೇನೂ ಹೇಳಲಿಲ್ಲ.
ಬೀರುವನ್ನು ಬಳಸಿಕೊಂಡು,
ಮೇಜಿನ ಮೂಲೆ ಸೊಂಟಕ್ಕೆ ತಾಗದಂತೆ
ತನ್ನ ದಪ್ಪ ಮೈಯನ್ನು ಓರೆ ಮಾಡಿ
ದಾಟಿ ಬಂದ.

ಎತೆರಿಯ ಮುಖ ಅರಳಿತು.
‘ಕೂತುಕೋ, ವಾಝಾ’ ಅಂದವಳು
ನನ್ನತ್ತ ತಿರುಗಿ ಬಾಯಿಗೆ ಕೈಯಿಟ್ಟಳು.
ಕುರ್ಚಿ ಬರೆಯುವುದನ್ನೇ ಮರೆತಿದ್ದೆವು.