ಇಪ್ಪತ್ತೆರಡು ಕ್ರೆಡಿಟ್

ನಮ್ಮ ಕಾಲೇಜಿನ ಕಚೇರಿಗೆ ಮೂರು ಕಿಟಕಿ:
ಶುಲ್ಕ, ವರ್ಗಾವಣೆ ಪತ್ರ, ಉಳಿದದ್ದೆಲ್ಲ.
ಉಳಿದದ್ದೆಲ್ಲ ನಾನು.

ಬೊಳ್ಳಮ್ಮ ಬಂದದ್ದು ಒಂದು ಮಂಗಳವಾರ,
ವಿರಾಜಪೇಟೆಯ ಗಡಿಯಾರ ಗೋಪುರವನ್ನು
ಹತ್ತೂವರೆಯಾದರೂ ಮಂಜು ಬಿಟ್ಟುಕೊಡದ ದಿನ.
ಅರ್ಜಿಯ ಮೂಲೆ ಮಡಚಬಾರದೆಂದು
ಹಳೆಯ ಕ್ಯಾಲೆಂಡರಿನ ರಟ್ಟಿಗೆ ಕ್ಲಿಪ್ಪು ಹಾಕಿ ತಂದಿದ್ದಳು.

ಓದಿಗೆ ಪೂರ್ತಿ ಹಣ. ಪುಸ್ತಕಕ್ಕೆ ಬೇರೆ. ಬೂಟಿಗೂ ಬೇರೆ.
ಓದಿನ ಜೊತೆಗೇ ತರಬೇತಿ, ಎಲ್ಲ ದಾಟಿದರೆ
ಭುಜದ ಮೇಲೆ ಎರಡು ನಕ್ಷತ್ರ.
ಏಳನೇ ಕಲಮು ಮಾತ್ರ ಸಣ್ಣ ಅಕ್ಷರದಲ್ಲಿ:
ಅಭ್ಯರ್ಥಿಗೆ ಆರು ಸೆಮಿಸ್ಟರ್ ಓದು ಬಾಕಿ ಇರತಕ್ಕದ್ದು.

ಅವಳ ಬಳಿ ಇರುವುದು ಐದು.

ಸೇರಿ ಹನ್ನೆರಡು ದಿನವಾಗಿದೆ, ಸಾರ್, ಅಂದಳು.
ಹೌದು. ಆದರೆ ಪಿಯುಸಿಯಲ್ಲಿದ್ದಾಗಲೇ
ಎರಡು ಬೇಸಿಗೆ, ಒಂದು ದಸರಾ ರಜೆ,
ಆರೂಕಾಲರ ಬಸ್ಸಿಗೆ ಮಡಿಕೇರಿಗೆ ಹೋಗಿ
ಪದವಿಯ ಪಾಠ ಮುಗಿಸಿ ಬಂದವಳಲ್ಲವೇ?
ಸಂಖ್ಯಾಶಾಸ್ತ್ರ, ನಕ್ಷೆ ಓದುವುದು, ಮಣ್ಣಿನ ರಸಾಯನ.
ಇಪ್ಪತ್ತೆರಡು ಕ್ರೆಡಿಟ್.
ಇಪ್ಪತ್ತು ದಾಟಿದವರು ಒಂದು ಸೆಮಿಸ್ಟರ್ ಮುಂದೆ.
ಜಾಣೆ ಎಂದು ಹೊಗಳಿ
ಅದನ್ನು ಕಂಪ್ಯೂಟರಿಗೆ ಹಾಕಿದವನೂ ನಾನೇ.
ಮೊನ್ನೆ ಅವಳ ಅಪ್ಪ ಕೈಕುಲುಕಿ
ಅರ್ಧ ಕಿಲೋ ಕರಿಮೆಣಸು ಕೊಟ್ಟು ಹೋಗಿದ್ದರು.
ಅದಿನ್ನೂ ಡ್ರಾಯರಿನಲ್ಲೇ ಘಾಟು ಬಿಡುತ್ತಿತ್ತು.

ಅವಳು ಸ್ವಲ್ಪ ಹೊತ್ತು ಕಿಟಕಿಯ ಸರಳು ಹಿಡಿದು ನಿಂತಳು.
ಆಮೇಲೆ, ಅಂಗಡಿಯಲ್ಲಿ ಅಳತೆ ಸರಿಹೋಗದ
ಸ್ವೆಟರಿನ ಬಗ್ಗೆ ವಿಚಾರಿಸುವವಳಂತೆ:
ಕಲಿತದ್ದನ್ನು ವಾಪಸು ಕೊಡೋಕಾಗುತ್ತಾ, ಸಾರ್?

ಸೇರಿಸುವ ಗುಂಡಿ ಇದೆ, ಹಸಿರು ಬಣ್ಣದ್ದು.
ಕಳೆಯುವ ಗುಂಡಿಯನ್ನು
ಈ ಹದಿನಾಲ್ಕು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.

ಈ ಸಲ ಜನವರಿಯಲ್ಲೇ ಮಳೆ ಬಿತ್ತು.
ಹಣ್ಣು ಕುಯ್ದು ಮುಗಿದಿರಲಿಲ್ಲ, ಕಾಫಿ ಹೂಬಿಟ್ಟಿತು;
ಕುಯ್ಯುವವರ ಕೈಗೆ ಹಣ್ಣಿನ ಜೊತೆ ಹೂವೂ.
ಹೇಳಬೇಕೆನಿಸಿತು. ಹೇಳಲಿಲ್ಲ.
ಅವಳ ಅಪ್ಪ ತೋಟದ ಒಡೆಯರಲ್ಲ, ರೈಟರು.
ಆ ಹೂವಿನ ನಷ್ಟವನ್ನು ಬೇರೊಬ್ಬರ ಪುಸ್ತಕದಲ್ಲಿ
ಬರೆದು ಬರೆದು ಸಾಕಾಗಿರುವವರು.

ಮರುದಿನ ಅವಳ ತಾತ ಬಂದರು, ನಿವೃತ್ತ ಸುಬೇದಾರ್.
ಕುರ್ಚಿ ಕೊಟ್ಟರೂ ಕೂರಲಿಲ್ಲ.
ಏಳನೇ ಕಲಮನ್ನು ಎರಡು ಸಲ ಓದಿ, ಕನ್ನಡಕ ತೆಗೆದು,
ಪೆರೇಡಿನಲ್ಲಿ ಹಿಂದೆ ಬಿದ್ದವನಿಗೂ ಬೈಗುಳ,
ಒಂದು ಹೆಜ್ಜೆ ಮುಂದೆ ಹೋದವನಿಗೂ ಅದೇ ಬೈಗುಳ, ಅಂದರು.
ಕಾಗದದ ಪರವಾಗಿ ಹೇಳಿದರೋ
ಮೊಮ್ಮಗಳ ಪರವಾಗಿಯೋ ತಿಳಿಯಲಿಲ್ಲ.
ಅವರಿಗೂ ತಿಳಿದಿತ್ತೋ ಇಲ್ಲವೋ.
ಹೋಗುವಾಗ ಬಾಗಿಲಲ್ಲಿ ತಿರುಗಿ,
ನಕ್ಷೆ ಓದುವುದರಲ್ಲಿ ಎಷ್ಟು ಬಂದಿದೆ ಅವಳಿಗೆ, ಅಂತ ಕೇಳಿದರು.
ತೊಂಬತ್ತೊಂದು.
ಹುಂ, ಅಂದರು. ಅಷ್ಟೇ.

ಕೊನೆಗೆ ಒಂದು ಪತ್ರ ಬರೆಸಿದೆವು.
‘ಮೇಲ್ಕಂಡ ಕ್ರೆಡಿಟ್‌ಗಳನ್ನು ಸ್ವಇಚ್ಛೆಯಿಂದ ಬಿಟ್ಟುಕೊಡುತ್ತೇನೆ,
ಸದರಿ ವಿಷಯಗಳನ್ನು ಮೊದಲಿನಿಂದ ಓದಲು ಸಿದ್ಧಳಿರುತ್ತೇನೆ.’
ಸ್ವಇಚ್ಛೆ ಎಂಬಲ್ಲಿ ಪೆನ್ನು ನಿಂತು
ಮಸಿಯ ಚುಕ್ಕೆಯೊಂದು ದಪ್ಪಗಾಯಿತು.
ಬೇರೆ ಹಾಳೆ ಕೊಡಲೇ ಎಂದೆ. ಬೇಡ ಅಂದಳು.
ಪ್ರಾಂಶುಪಾಲರ ಮೊಹರು, ವಿಶ್ವವಿದ್ಯಾಲಯಕ್ಕೊಂದು ಪ್ರತಿ,
ಮತ್ತೊಂದು ಆ ಅರ್ಜಿಯ ವಿಳಾಸಕ್ಕೆ, ರಿಜಿಸ್ಟರ್ಡ್ ಅಂಚೆಯಲ್ಲಿ.

ಮೂರು ವಾರವಾಯಿತು. ಉತ್ತರವಿಲ್ಲ.
ಕಡೆಯ ದಿನಕ್ಕೆ ಇನ್ನು ಒಂಬತ್ತೇ ದಿನ.

ಅವಳು ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು
ಗೊತ್ತಿರುವ ಪಾಠವನ್ನೇ ಬರೆದುಕೊಳ್ಳುತ್ತಾಳಂತೆ.
ಮೇಷ್ಟರು ಸರಾಸರಿ ತಪ್ಪು ತೆಗೆದ ದಿನ
ಇಡೀ ತರಗತಿ ಅವಳ ಕಡೆ ತಿರುಗಿತಂತೆ,
ಅವಳು ತಲೆ ಎತ್ತಲಿಲ್ಲವಂತೆ.

ಬೆಳಿಗ್ಗೆ ನಾನು ಬೀಗ ತೆಗೆಯುವಾಗ
ಮೈದಾನದಲ್ಲಿ ಓಡುತ್ತಿರುತ್ತಾಳೆ,
ಗೋಲುಗಂಬ ದಾಟಿದೊಡನೆ ಮಂಜಿನೊಳಗೆ,
ಕ್ಯಾಂಟೀನಿನ ಹೊಗೆಯ ಹತ್ತಿರ ಮತ್ತೆ ಹೊರಗೆ.
ಇವತ್ತು ಬೇಲಿಯಾಚೆಯಿಂದಲೇ ಕೂಗಿ ಕೇಳಿದೆ,
ಎಷ್ಟನೇ ಸುತ್ತು?

ನಿಲ್ಲಲಿಲ್ಲ. ಓಡುತ್ತಲೇ ಅಂದಳು:
ಎಣಿಸೋದು ಬಿಟ್ಟಿದೀನಿ, ಸಾರ್.