ಒಂದಿಂಚು ಕೆಳಗೆ

ಸಂಸ್ಥೆಯ ಇತಿಹಾಸ, ನೂರು ಪದ ಮೀರದಂತೆ,
ಎಂದು ಕೇಳುತ್ತದೆ ಅರ್ಜಿಯ ಏಳನೇ ಕಲಂ.
ಹುಮನಾಬಾದಿನ ಈ ತಗಡಿನ ಶೆಡ್ಡಿನಲ್ಲಿ
ಪೆನ್ನಿನ ಟೊಪ್ಪಿಗೆ ಕಚ್ಚುತ್ತ ಕೂತಿದ್ದೇನೆ.

ಮೊದಲು ಟಾಂಗಾ ಇತ್ತು.
ಕಾಳಪ್ಪ ಪಾಂಚಾಳ, ನಮ್ಮಜ್ಜ,
ಜಾಲಿಕಟ್ಟಿಗೆಯ ಗಾಲಿಗೆ ಕಾದ ಪಟ್ಟಿ ತೊಡಿಸಿ
ಚುಂಯ್ ಎಂದು ನೀರು ಸುರಿಯುವಾಗ
ಓಣಿಯ ಹುಡುಗರೆಲ್ಲ ಹೊಗೆ ನೋಡಲು ಬರುತ್ತಿದ್ದರಂತೆ.
ಕೂಲಿ ಹಾಲಿ ಸಿಕ್ಕಾದಲ್ಲಿ, ಲೆಕ್ಕ ಮೋಡಿಯಲ್ಲಿ,
ಬೈಗುಳ ಮಾತ್ರ ಅಚ್ಚಗನ್ನಡದಲ್ಲಿ.

ಆಮೇಲೊಂದು ದಿನ ರಸ್ತೆಯ ಮೇಲೆ
ಬರೀ ಎಲುಬು ಓಡಿ ಬಂತು.
ಗಾಲಿ, ಇಂಜಿನ್, ಉದ್ದಕ್ಕೆ ಎರಡು ಕಬ್ಬಿಣ.
ಖೋಕಾದ ಮೇಲೆ ಕೂತ ಡ್ರೈವರ್
ಮುಖಕ್ಕೆ ಟವೆಲು ಸುತ್ತಿಕೊಂಡು
ಮುಂಬೈಯಿಂದ ಇಲ್ಲಿತನಕ ಬಿಸಿಲು ತಿಂದವನು,
ಇಳಿದವನೇ, ಅರ್ಧ ಬಾಯಲ್ಲಿ ಅರ್ಧ ಕೈಯಲ್ಲಿ:
ಇದಕ್ಕ ಮೈ ಕಟ್ತೀರೇನು?
ಅಜ್ಜ ಎರಡು ದಿನ ಅದರ ಸುತ್ತ ತಿರುಗಿದ,
ಕುದುರೆಯ ಬೆನ್ನು ನೋಡುವ ಹಾಗೆ ನೋಡಿದ.
ಮೂರನೇ ದಿನ ಸಾಗವಾನಿ ತರಿಸಿದ.

(ಕಾಯ ಕಟ್ಟುವುದೇ ಕಾಯಕ ಎಂದು
ತುಳಜಾರಾಮ ಪೇಂಟರ್ ಬೋರ್ಡಿನ ಕೆಳಗೆ ಬರೆದದ್ದು
ಯಾರನ್ನೂ ಕೇಳದೆ. ದುಡ್ಡೂ ತಗೊಳ್ಳಲಿಲ್ಲ.)

ಸೀಟಿನ ಎತ್ತರ ಎಷ್ಟು? ಹೇಳುವ ಪುಸ್ತಕವಿರಲಿಲ್ಲ.
ಅಡಿಗೆಮನೆಯಿಂದ ಅಜ್ಜಿಯನ್ನು ಕರೆದ.
ಚಂದ್ರಾಬಾಯಿ, ನಾಲ್ಕಡಿ ಎಂಟಿಂಚು,
ಹಿಟ್ಟಿನ ಕೈ ಸೆರಗಿಗೆ ಒರೆಸುತ್ತ
ಇಟ್ಟಂಗಿ ಪೇರಿಸಿದ ಹಲಗೆಯ ಮೇಲೆ ಕೂತಳು.
ಕಾಲು ಗಾಳಿಯಲ್ಲಿ.
"ಬೀದರ ಮುಟ್ಟೋದ್ರಾಗ ಜೋಮು ಹಿಡಿತಾವ" ಅಂದಳು.
ಒಂದು ಇಟ್ಟಂಗಿ ತೆಗೆದ. ಹಲಗೆಗೆ ರಂದಾ ಹೊಡೆದ.
ಮತ್ತೆ ಹೊಡೆದ.
ಹಿಮ್ಮಡಿ ನೆಲ ಮುಟ್ಟಿತು.
"ಹಾಂ, ಇಷ್ಟಿರಲಿ. ರೊಟ್ಟಿ ಸೀಯ್ತಾವ" ಎಂದು ಎದ್ದು ಹೋದಳು.
ಸಂಸ್ಥೆಯ ಇಡೀ ಎಂಜಿನಿಯರಿಂಗ್ ವಿಭಾಗ
ಕೂತದ್ದು ಅಷ್ಟೇ ಹೊತ್ತು.
ಅಂದಿನಿಂದ ನಮ್ಮ ಸೀಟು
ಬೇರೆಯವರದಕ್ಕಿಂತ ಒಂದಿಂಚು ಕೆಳಗೆ.

ಪತರಾ ಬಡಿಯುತ್ತಿದ್ದವನು ಘುಡುಸಾಬ.
ಕಿವಿ ಹೋದ ಮೇಲೂ ಅಂಗೈಯಿಂದ ಕೇಳುತ್ತಿದ್ದ
ಎಲ್ಲಿ ಉಬ್ಬು, ಎಲ್ಲಿ ತಗ್ಗು.
ಅವರಪ್ಪನದು ಬಿದರಿಯ ಕೈ, ಬೆಳ್ಳಿ ಕೂರಿಸಿದ್ದು.
ಮಗ ಅದೇ ಬಳ್ಳಿಯನ್ನು
ಬಾಗಿಲಿನ ಮೂಲೆಗೆ ಅಲ್ಯುಮಿನಿಯಂನಲ್ಲಿ ಬಾಗಿಸಿದ.
ಬಿಲ್ಲಿನಲ್ಲಿ ಅದಕ್ಕೊಂದು ಸಾಲಿಲ್ಲ.

ಬಾನೆಟ್ಟಿನ ಮೇಲೆ ಎಂದೂ ಇಂಜಿನ್ ಕೊಟ್ಟವರ ಹೆಸರು.
ನಮ್ಮದು ಹೊಸ್ತಿಲಲ್ಲಿ, ಬೆರಳುದ್ದ ಹಿತ್ತಾಳೆ,
ಹತ್ತುವವರ ಚಪ್ಪಲಿಗೆ ಸವೆದು
ಎರಡೇ ವರ್ಷಕ್ಕೆ ಕನ್ನಡಿ.

ಎಪ್ಪತ್ತೆಂಟರಲ್ಲಿ ಹದಿನೇಳು ಬಸ್ಸು, ನಲವತ್ತು ಲಾರಿ.
ಎಂಬತ್ತಮೂರರಲ್ಲಿ ಅಪ್ಪ-ಕಾಕಾ ಮಾತು ಬಿಟ್ಟರು,
ಶೆಡ್ಡಿನ ನಡುವೆ ಗೋಡೆ ಎದ್ದಿತು:
ತಗಡು ಬಾಗಿಸುವ ಯಂತ್ರ ಈಚೆ,
ಅದರ ಹಿಡಿಕೆ ಆಚೆ.

ಆಮೇಲೆ ಬಸ್ಸುಗಳು
ಮೈ ಮೂಳೆ ಕೂಡಿಯೇ ಹುಟ್ಟತೊಡಗಿದವು.
ಬಟ್ಟೆ ತೊಟ್ಟೇ ಬಂದವರಿಗೆ ದರ್ಜಿಯ ಮನೆ ಯಾಕೆ?
ಬೋರ್ಡಿನಲ್ಲಿ ಬಿಲ್ಡರ್ಸ್ ಅಳಿಸಿ
ಉಳಿದದ್ದು ಪಾಂಚಾಳ ಬಾಡಿ.
ನಾಮಪದವೋ, ಕ್ರಿಯಾಪದವೋ.

ಹೋದ ವಾರ ರಾಜೇಶ್ವರದ ಹತ್ತಿರ ಚಹಾಕ್ಕೆ ನಿಂತೆ.
ಹೋಟೆಲಿಗೆ ಸಾಲಾಗಿ ಎಂಟು ಕಿಟಕಿ.
ಇಂಜಿನ್ ಎಂದೋ ಗುಜರಿ ಸೇರಿದೆ,
ಚಾಸಿ ಕರಗಿ ಯಾರ ಮನೆಯ ಸರಳಾಗಿದೆಯೋ.
ಜೀವ ಹೋಗಿ ದೇಹ ಉಳಿದದ್ದನ್ನು
ಇಲ್ಲೇ ನೋಡಿದ್ದು.
ಬಾಗಿಲಿನ ಮೂಲೆಯಲ್ಲಿ ಘುಡುಸಾಬನ ಬಳ್ಳಿ.
ಒಲೆಯ ಹೊಗೆಗೆ ಸುತ್ತಲಿನ ತಗಡು ಕಪ್ಪಾಗಿ,
ಕೈಯಾಡಿದ ಬಳ್ಳಿಯಷ್ಟೇ ಹೊಳೆದು,
ಬಿದರಿಯೇ ಆಗಿ.

ಕೂತೆ. ನಾನೂ ಅಜ್ಜಿಯಷ್ಟೇ ಎತ್ತರ.
ಯಾವ ಕಂಪನಿಯದು ಇದು, ಅಂದೆ.
ಹೋಟೆಲಿನವ ಬಸಿ ಒರೆಸುತ್ತ ಅಂದ:
"ಯಾರಿಗ್ ಗೊತ್ರೀ ಅಕ್ಕಾ.
ಆದ್ರ ಸಂತಿ ದಿನ ನೋಡ್ರಿ, ಮುದುಕೇರೆಲ್ಲಾ
ಎದುರಿನ ಹೋಟೆಲ್ ಬಿಟ್ಟು
ಇಲ್ಲೇ ಬಂದು ಕೂಡ್ತಾರ.
ಯಾಕಂದ್ರ ಅವರಿಗೂ ಗೊತ್ತಿಲ್ಲ."