ತಪ್ಪಿದ ಕಾರ್ಡಿನ ಹಿಂಬದಿ

ಹೊಂಡದ ಸರ್ಕಲ್ಲಿನ ಪ್ರೆಸ್ಸಿಂದ ಬರುವಾಗ ಹಾಲೇಶ
ಅಕ್ಷರ ತಪ್ಪಿದ ಲಗ್ನಪತ್ರಿಕೆಗಳನ್ನು
ಬುತ್ತಿಚೀಲದಲ್ಲಿ ತರುತ್ತಾನೆ.
ವಧುವಿನ ಅಪ್ಪನಿಗೆ ಒತ್ತು ಬೀಳದೆ ಹೋದದ್ದು,
ಶುಭದ ಭಕಾರಕ್ಕೆ ಹೊಟ್ಟೆ ಸೀಳದೆ ಬಿಟ್ಟದ್ದು.
ಹಿಂಬದಿ ಬೆಳ್ಳಗೆ, ಅಲ್ಲೇನೂ ತಪ್ಪಿಲ್ಲ.
ಹದಿಮೂರು ವರ್ಷದಿಂದ ನನ್ನ ಮನೆಲೆಕ್ಕ ಅದರ ಮೇಲೆ.

ಅವನಿಗೆ ಪೇಪರು, ಟಿವಿ ಬೇಡ.
ಹೆಬ್ಬೆರಳು ತೋರುಬೆರಳ ನಡುವೆ ಕಾರ್ಡು ತಿಕ್ಕಿ
ಕಾಲ ಎಷ್ಟು ದಪ್ಪ ಅಂತ ಹೇಳುತ್ತಾನೆ.
ಹೋದ ವರ್ಷ ಹಲಗೆಯಂಥ ರಟ್ಟು, ಬಂಗಾರದ ಅಚ್ಚು,
ಒಳಗೊಂದು ಹಾಳೆ, ರೇಷ್ಮೆದಾರದ ಕುಚ್ಚು.
ಕಾರ್ತೀಕದಲ್ಲಿ ಕುಚ್ಚು ಹೋಯಿತು.
ಮಾಘದಲ್ಲಿ ಒಳಹಾಳೆ.
ಮೊನ್ನೆ ಮಂಡಿಪೇಟೆಯ ಸಾಹುಕಾರರೊಬ್ಬರು ಬಂದು
"ಐವತ್ತು ಸಾಕಪ್ಪ, ಉಳಿದೋರಿಗೆ ವಾಟ್ಸಾಪು" ಅಂದರಂತೆ.
"ಅಂಥೋರೇ ಹಿಂಗಂದ್ರೆ..."
ಅಷ್ಟಕ್ಕೇ ನಿಲ್ಲಿಸಿ ಕೈ ತೊಳೆಯಲು ಹೋದ.

ಇನ್ನೂ ಏನೂ ಆಗಿಲ್ಲ. ಸಂಬಳ ಐದನೇ ತಾರೀಖಿಗೇ ಬಂತು.
ಸಿಲಿಂಡರು ಮುಗಿಯುವ ಹಿಂದಿನ ದಿನ
ನೀಲಿ ಉರಿಯ ತುದಿ ಕೆಂಪಾಗುತ್ತದಲ್ಲ,
ಅಷ್ಟೆ.
ಆದರೂ ರಾತ್ರಿ ಒಂದು ಕಾರ್ಡು ಮಗುಚಿ ಹಾಕಿದೆ.

ಭಾನುವಾರದ ಬೆಣ್ಣೆದೋಸೆ, ಇನ್ನು ತಿಂಗಳಿಗೊಮ್ಮೆ.
ಸ್ಫೂರ್ತಿ ಕೇಳಿದರೆ? ಹೆಂಚು ಮನೆಯಲ್ಲೇ ಇದೆ, ಬೆಣ್ಣೆಯೂ,
ಅವರ ಒಲೆಯ ಸೌದೆಹೊಗೆಯೊಂದು ಇಲ್ಲ.
ಹಾಲು ಒಂದೂವರೆಯಿಂದ ಒಂದಕ್ಕೆ.
ಮಂಡಕ್ಕಿ ಇಳಿಸುವುದಿಲ್ಲ, ಏರಿಸಬೇಕು;
ದಾವಣಗೆರೆಯಲ್ಲಿ ಹಸಿವು ಮುಚ್ಚಲು
ಅದಕ್ಕಿಂತ ಅಗ್ಗದ ಸದ್ದಿಲ್ಲ.
ಫ್ರಿಜ್ಜಿನ ಕಂತು, ಬರೆಯದಿದ್ದರೂ ಇರುತ್ತದೆ.
ಚೀಟಿ ಈಗಲೇ ಕೂಗಬಾರದು, ಕೊನೆಯ ತನಕ ತಡೆಯಬೇಕು.
ಚಿನ್ನದಂಗಡಿಯ ಸ್ಕೀಮಿನ ಮುಂದೆ
ಕುಡುಗೋಲಿನಂಥ ಒಂದು ಪ್ರಶ್ನೆಚಿಹ್ನೆ.

ಅತ್ತೆ ಎಲೆಗೆ ಸುಣ್ಣ ಸವರುತ್ತ ನೋಡುತ್ತಿದ್ದಳು.
"ಮಿಲ್ಲು ನಿಂತಾಗ ನಾವೇನೂ ಬರ್ಕಂಡಿರ್ಲಿಲ್ಲ ಕಣೆ.
ಸೈರನ್ನು ಕೂಗ್ಲಿಲ್ಲ, ನಿಮ್ಮಾವ ಏಳ್ಲಿಲ್ಲ.
ಒಲೆ ಹಚ್ಚೋ ಹೊತ್ತು ಯಾವ್ದಂತ
ನಂಗೂ ತಿಳೀಲಿಲ್ಲ ಅವತ್ತು."
ಆಮೇಲೆ ತನ್ನ ಎಲೆಯಡಿಕೆಯ ಎಪ್ಪತ್ತು ರೂಪಾಯಿ ಎಲ್ಲಿದೆ ಎಂದು ಕೇಳಿ
ಅದರ ಮೇಲೆ ಬೆರಳಿಟ್ಟು "ಇದನ್ನ ಹೊಡಿ" ಎಂದಳು.
ಅವಳಿಗೆ ಕಣ್ಣು ಮಂಜು.
ಹೊಡೆದ ಹಾಗೆ ಪೆನ್ನಾಡಿಸಿದೆ.

ಕಟ್ಟಕಡೆಗೆ
ಪಾತ್ರೆ ತೊಳೆಯುವ ದುಗ್ಗಮ್ಮ, ಒಂಬೈನೂರು.
ನನಗೂ ಕೈಯಿದೆ, ನಾರಿದೆ, ನಲ್ಲಿಯಿದೆ,
ಅರ್ಧ ಗಂಟೆ ಮೊದಲೆದ್ದರಾಯಿತು.
ಗೆರೆ ಎಳೆದೆ.

ನುಣುಪು ಕಾಗದ, ಶಾಯಿ ಬೇಗ ಒಣಗುವುದಿಲ್ಲ.
ಒಣಗುವಷ್ಟರಲ್ಲಿ ಅವಳ ಮನೆ ಕಂಡಿತು:
ಅಲ್ಲಿ ಅವಳೂ ಏನನ್ನೋ ಹೊಡೆಯುತ್ತಾಳೆ,
ಕಾಗದವಿಲ್ಲದೆ, ಮನಸ್ಸಿನಲ್ಲೇ,
ಮಗನ ಟ್ಯೂಷನ್ನೋ, ಮೊಣಕಾಲಿನ ಗುಳಿಗೆಯೋ.
ಮತ್ತೆ ಪ್ರೆಸ್ಸಿನ ಹಿಂಗೋಣೆ.
ಇದೇ ಕಟ್ಟಿನ ಇನ್ನೊಂದು ಕಾರ್ಡು ಮಗುಚಿ
ಮಾಲೀಕರು ಕನ್ನಡಕ ಏರಿಸಿ ಕೂತಿರಬಹುದು.
ಇಂಕು, ಕರೆಂಟು, ಬಾಡಿಗೆ,
ಹಾಲೇಶ, ಹದಿನೇಳು ಸಾವಿರ.
ಎತ್ತಿದ ಪೆನ್ನು ಇನ್ನೂ ಇಳಿಸದೆ.

ಗೆರೆಯ ಪಕ್ಕ ಮತ್ತೆ ಒಂಬೈನೂರು ಬರೆದೆ.
ಚಿನ್ನದ ಸ್ಕೀಮು ಹೊಡೆದೆ.
ಕೂಡಿಸಿ ಕಳೆದರೆ ಇನ್ನೂ ಆರುನೂರು ಸಾಲದು.
ಸಾಲದ್ದನ್ನು ಹಾಗೇ ಬಿಟ್ಟು ದೀಪ ಆರಿಸಿದೆ.

ಬೆಳಿಗ್ಗೆ ದುಗ್ಗಮ್ಮ ತಳ ಹಿಡಿದ ಬೋಸಿ ಉಜ್ಜುತ್ತ
ಕತ್ತೆತ್ತದೆಯೇ ಕೇಳಿದಳು:
"ಅಕ್ಕಾರೆ, ಆ ಕಾರ್ಡು ಒಂದೆರಡಿದ್ರೆ ಕೊಡ್ರಿ.
ಹಿಂದೆ ಬಿಳೀದೈತಲ್ಲ.
ನಾನೂ ಲೆಕ್ಕ ಬರ್ದಿಡಾಣ ಅಂತ."

ಕಟ್ಟು ಬಿಚ್ಚಿದೆ.
ಮೇಲಿನ ತೆಳ್ಳನೆಯವನ್ನು ಸರಿಸಿ, ಅಡಿಯಿಂದ
ಹೋದ ವರ್ಷದ ದಪ್ಪನೆಯವನ್ನೇ ಆರಿಸಿ ಕೊಟ್ಟೆ.